ಗುಂಡಪ್ಪ ವಿಶ್ವನಾಥರ ಏರು–ಇಳಿವು

ಆಟಗಾರನ ಹಿರಿಮೆಯನ್ನು ಅಳೆಯುವಲ್ಲಿ ರನ್ನುಗಳ ಸಂಖ್ಯೆಯೊಂದೇ ಪ್ರಮಾಣವಾಗದು; ಅವು ಎಂತಹ ಸಂದರ್ಭದಲ್ಲಿ ಒದಗಿದವೆಂಬುದನ್ನೂ ನೋಡಬೇಕು. 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥರ ಕ್ರೀಡಾಜೀವನವು ಇದಕ್ಕೆ ಉತ್ತಮ ನಿದರ್ಶನ.

1967ರಲ್ಲಿ ತಮ್ಮ ಪ್ರಥಮ ರಣಜಿ ಪಂದ್ಯದಲ್ಲಿಯೇ ಮೈಸೂರಿನ ಪರವಾಗಿ ಆಂಧ್ರದ ವಿರುದ್ಧ 230 ರನ್ ಗಳಿಸಿದ ಇವರು, 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದೆದುರು ಟೆಸ್ಟ್ ಕಣಕ್ಕಿಳಿದರು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೋಲಿನಿಂದ ಎದೆಗುಂದದವನಿಗೆ ಮರುಯತ್ನವೇ ಗುರುವೆಂಬುದಕ್ಕೆ ಇದೇ ಸಾಕ್ಷಿ. ಮಣಿಕಟ್ಟಿನ ತಿರುವಿನಿಂದ ಹೊಮ್ಮುತ್ತಿದ್ದ ಸ್ಕ್ವೇರ್ ಕಟ್ ಹೊಡೆತವು ಅವರ ಹೆಗ್ಗುರುತಾಯಿತು.

1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತದ ಇನಿಂಗ್ಸನ್ನು 190ಕ್ಕೆ ಮುಗಿಸಿದಾಗ, ವಿಶ್ವನಾಥರು 97 ರನ್ನುಗಳೊಡನೆ ಅಜೇಯರಾಗಿ ಉಳಿದರು. ಶತಕ ಕೈತಪ್ಪಿತು, ಪಂದ್ಯ ಭಾರತದ್ದಾಯಿತು.

1982ರ ಜನವರಿಯಲ್ಲಿ ಅದೇ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 222 ರನ್ ಗಳಿಸಿ ಅವರು ಶಿಖರವನ್ನೇರಿದರು. ಆದರೆ ವರ್ಷ ತಿರುಗುವಷ್ಟರಲ್ಲಿ ಪಾಕಿಸ್ತಾನದ ಪ್ರವಾಸದಲ್ಲಿ ರನ್ನುಗಳ ಒರತೆ ಬತ್ತಿತು. 1983ರ ಕರಾಚಿ ಪಂದ್ಯವೇ ಕಡೆಯ ಟೆಸ್ಟ್ ಆಯಿತು. ತಂಡದಿಂದ ಹೊರಗುಳಿದ ಬಳಿಕವೂ ಅವರು ಕೆಲವು ವರ್ಷ ಕರ್ನಾಟಕದ ಪರವಾಗಿ ಆಡಿದರು.

91 ಟೆಸ್ಟುಗಳು, 6,080 ರನ್, 14 ಶತಕಗಳು. ಅವರು ಶತಕ ಗಳಿಸಿದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಏರಿದವನಿಗೆ ಇಳಿವು ಅನಿವಾರ್ಯ. ಆದರೆ ಏರಿದ್ದಾಗ ಇತರರಿಗೆ ಆಸರೆಯಾದವನ ಹೆಸರು ಅವನ ಇಳಿವಿನೊಡನೆ ಅಳಿಯದು.