ಹರಳು ಬೆಳೆಸುವ ವಿದ್ಯೆ

ಮಳೆಗಾಲದಲ್ಲಿ ನಮ್ಮ ಆದವಾನಿಗೆ ಕಾಲುವೆಯ ಬಗ್ಗಡ ನೀರು ಬಂದಾಗ, ಮನೆಯ ಹಿರಿಯರು ಕೊಡದಲ್ಲಿ ಪಟಿಕದ ತುಂಡನ್ನು ನಾಲ್ಕು ಸುತ್ತು ತಿರುಗಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಪಟಿಕದಿಂದ ಈ ವರ್ಷ ನಮ್ಮ ವಿಜ್ಞಾನ ಸಂಘದವರು ಹರಳು ಬೆಳೆಸಲು ತೊಡಗಿದೆವು.

ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವವರೆಗೆ ಪಟಿಕದ ಪುಡಿ ಹಾಕಿ, ಸೋಸಿ, ತಣಿಯಲು ಬಿಟ್ಟೆವು. ಇದೇ ಪರ್ಯಾಪ್ತ ದ್ರಾವಣ. ಮರುದಿನ ತಳದಲ್ಲಿ ಕುಳಿತ ಚಿಕ್ಕ ಹರಳುಗಳಲ್ಲಿ ಚೊಕ್ಕದಾದ ಒಂದನ್ನು ಆರಿಸಿ, ದಾರದಲ್ಲಿ ಕಟ್ಟಿ ಇಳಿಬಿಟ್ಟೆವು. ನೀರು ಆರಿದಂತೆಲ್ಲ ಪಟಿಕವು ಈ ಬೀಜದ ಮೇಲೆ ಪದರ ಪದರವಾಗಿ ಕೂಡುತ್ತದೆ. ಎರಡು ವಾರದಲ್ಲಿ ಅದು ಕಡಲೆಕಾಳಿನಷ್ಟಾಯಿತು. ಅಷ್ಟರಲ್ಲಿ ಮಾರ್ಚ್ ಬಿಸಿಲು ಏರಿತು. ಒಂದು ಮಧ್ಯಾಹ್ನ ನೋಡಿದರೆ ದಾರ ಮಾತ್ರ ಉಳಿದಿತ್ತು! ದ್ರಾವಣ ಬಿಸಿಯಾದರೆ ಇನ್ನಷ್ಟು ಪಟಿಕ ಬೇಡುತ್ತದೆ; ಬೆಳೆದ ಹರಳನ್ನೇ ಅದು ಕರಗಿಸಿಕೊಂಡಿತ್ತು. ಎರಡನೆಯ ಸಲ ಗಡಿಗೆಯಲ್ಲಿ ಒದ್ದೆ ಮರಳು ತುಂಬಿ, ನಡುವೆ ಗ್ಲಾಸನ್ನಿಟ್ಟೆವು. ಈ ಹರಳು ಉಳಿಯಿತು.

ಇಂಥ ಹರಳಿನಿಂದ ಏನು ಪ್ರಯೋಜನವೆಂದು ಪಾಲಕರು ಕೇಳಬಹುದು. 1960ರಲ್ಲಿ ಅಮೆರಿಕದ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಮರುವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಫ್ರಾಂಕೆನ್ ಮತ್ತು ಸಂಗಡಿಗರು ಆ ಕೆಂಪು ಬೆಳಕನ್ನು ಬೆಣಚುಕಲ್ಲಿನ ಹರಳಿನಲ್ಲಿ ಹಾಯಿಸಿದಾಗ, ಅರ್ಧ ತರಂಗಾಂತರದ ಅತಿನೇರಳೆ ಕಿರಣವೂ ಹೊರಬಂತು. ಛಾಯಾಚಿತ್ರದಲ್ಲಿ ಅದರ ಗುರುತು ತೀರ ಚಿಕ್ಕ ಚುಕ್ಕೆ. ಧೂಳಿನ ಕಲೆಯೆಂದು ಭಾವಿಸಿ ಅದನ್ನು ಅಚ್ಚಿನಲ್ಲಿ ಅಳಿಸಿಬಿಟ್ಟರಂತೆ!

ಹೀಗಾಗುವುದೇಕೆ? ಬೆಳಕು ಹರಳಿನೊಳಗಿನ ಎಲೆಕ್ಟ್ರಾನುಗಳನ್ನು ಜೋಕಾಲಿಯಂತೆ ತೂಗುತ್ತದೆ. ಲೇಸರಿನ ಪ್ರಬಲ ತಳ್ಳುವಿಕೆಯಲ್ಲಿ ತೂಗಾಟ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆಯಾದರೆ ಇಮ್ಮಡಿ ಆವರ್ತನದ ಬೆಳಕು ಹುಟ್ಟುತ್ತದೆ. ನಮ್ಮ ಪಟಿಕದ ರಚನೆ ಎರಡೂ ಕಡೆಗೆ ಸಮನಾದ್ದರಿಂದ ಅದಕ್ಕೆ ಈ ಗುಣವಿಲ್ಲ. ಆದರೆ ದೇವರಮನೆಯ ಕಲ್ಲುಸಕ್ಕರೆಗಿದೆ! ಹಸಿರು ಲೇಸರ್ ಪೆನ್ನುಗಳಲ್ಲಿ ಕಣ್ಣಿಗೆ ಕಾಣದ 1064 ನ್ಯಾನೋಮೀಟರ್ ಕಿರಣವನ್ನು 532ರ ಹಸಿರಾಗಿಸುವುದು ಇಂಥದೊಂದು ಹರಳೇ. ಆ ಪೆನ್ನನ್ನು ಯಾರ ಕಣ್ಣಿಗೂ ಹಿಡಿಯಬಾರದು.

ಸಾವಯವ ಹರಳುಗಳಲ್ಲಿ ಈ ಗುಣ ಹೆಚ್ಚು, ಆದರೆ ಅವು ಮೆದು. ನಿರವಯವ ಹರಳುಗಳು ಗಟ್ಟಿ. ಎರಡನ್ನೂ ಕೂಡಿಸಿದ್ದೇ ಅರೆ-ಸಾವಯವ ಹರಳು. ಆರ್ಜಿನೀನ್ ಎಂಬ ಅಮೈನೋ ಆಮ್ಲ ಮತ್ತು ಫಾಸ್ಫಾರಿಕ್ ಆಮ್ಲ ಸೇರಿದ ಹರಳು 1980ರ ದಶಕದಲ್ಲಿ ಚೀನಾದಿಂದ ಹೆಸರಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್.ಎಲ್. ಭಟ್ ಮತ್ತು ಸಂಗಡಿಗರೂ ಇದನ್ನು ಬೆಳೆಸಿ ಪರೀಕ್ಷಿಸಿದರು. ಇದರ ದ್ರಾವಣದಲ್ಲಿ ಬೂಷ್ಟು ಬೆಳೆಯುವುದು ದೊಡ್ಡ ತೊಡಕು. ಉಷ್ಣತೆಯನ್ನಂತೂ ಒಂದು ಡಿಗ್ರಿಯ ಸಣ್ಣ ಭಾಗದಷ್ಟೂ ಏರುಪೇರಾಗದಂತೆ ಕಾಯಬೇಕು.

ಬೆಳೆದ ಹರಳನ್ನು ಪರೀಕ್ಷಿಸುವ ಬಗೆಗಳು ಹಲವು. ಕ್ಷ-ಕಿರಣದಿಂದ ಅಣುಗಳ ಜೋಡಣೆ ತಿಳಿಯುತ್ತದೆ. ಯಾವ ಬಣ್ಣದ ಬೆಳಕು ಪಾರಾಗುತ್ತದೆ, ಎಷ್ಟು ಬಿಸಿ ತಾಳುತ್ತದೆ, ವಜ್ರದ ಮೊನೆ ಒತ್ತಿದರೆ ಎಷ್ಟು ಗುಳಿ ಬೀಳುತ್ತದೆ ಎಂದು ಅಳೆಯುತ್ತಾರೆ. ಕೊನೆಗೆ ಪುಡಿ ಮಾಡಿ ಲೇಸರ್ ಹಾಯಿಸಿ, ಹುಟ್ಟಿದ ಬೆಳಕನ್ನು ಗೊತ್ತಿರುವ ಇನ್ನೊಂದು ಹರಳಿನ ಪುಡಿಯೊಡನೆ ಹೋಲಿಸುತ್ತಾರೆ. ಇದು 1968ರಲ್ಲಿ ಕುರ್ಟ್ಸ್ ಮತ್ತು ಪೆರಿ ತೋರಿಸಿದ ವಿಧಾನ.

ನಮ್ಮಲ್ಲಿ ಆ ಯಂತ್ರಗಳಿಲ್ಲ. ಆದರೆ ಉಷ್ಣತೆ ಕಾಯಬೇಕೆಂಬ ಮೊದಲ ಪಾಠವನ್ನು ಬರಿದಾದ ದಾರವೇ ನಮಗೆ ಕಲಿಸಿತು. ಪಾಲಕರೇ, ಮನೆಯಲ್ಲಿ ಮಕ್ಕಳು ಒಂದು ಗ್ಲಾಸು, ಒಂದು ದಾರ, ಹತ್ತು ರೂಪಾಯಿಯ ಪಟಿಕ ಕೇಳಿದರೆ ಇಲ್ಲವೆನ್ನಬೇಡಿರಿ.