ಜಾಮ್ ಆದ ನಟ್ಟಿಗೆ ತಾಳ್ಮೆಯೇ ಮದ್ದು

ಹೊಳಲ್ಕೆರೆ, ಹೊಸದುರ್ಗ ಕಡೆಯ ಗುಡ್ಡಗಳು ಕೆಂಪಗಿರುವುದು ಕಬ್ಬಿಣದ ಅದಿರಿನಿಂದ. ಅದಿರೆಂದರೆ ಆಮ್ಲಜನಕದೊಡನೆ ಕೂಡಿಕೊಂಡ ಕಬ್ಬಿಣ. ಕುಲುಮೆಯಲ್ಲಿ ಇವೆರಡನ್ನೂ ಬೇರ್ಪಡಿಸಿ ಉಕ್ಕು ಮಾಡುತ್ತಾರೆ. ನೀರು, ಗಾಳಿ ಸೋಕಿದರೆ ಉಕ್ಕು ಮತ್ತೆ ಹಳೆಯ ಕೆಂಪಿಗೇ ಮರಳುತ್ತದೆ. ಅದೇ ತುಕ್ಕು. ಕಾರಿನ ಅಡಿಯಲ್ಲಿ ನಟ್ಟು ಜಾಮ್ ಆಗುವುದರ ಹಿಂದಿರುವುದು ಹೈಸ್ಕೂಲಿನ ಈ ರಸಾಯನಶಾಸ್ತ್ರವೇ.

ಕೆಲವು ಕಾರುಗಳಲ್ಲಿ ಶಾಕ್ ಅಬ್ಸಾರ್ಬರಿನ ಮೈಮೇಲೆ ಥ್ರೆಡ್ ಇರುತ್ತದೆ. ಸ್ಪ್ರಿಂಗನ್ನು ಹೊತ್ತ ಬಳೆಯನ್ನು ಅದರ ಮೇಲೆ ತಿರುಗಿಸಿ ಕಾರಿನ ಎತ್ತರವನ್ನು ಹೆಚ್ಚು ಕಡಿಮೆ ಮಾಡಬಹುದು. ಸಾಮಾನ್ಯ ಕಾರುಗಳಲ್ಲಿ ಈ ಸೌಲಭ್ಯವಿಲ್ಲ. ಆದರೆ ಚಕ್ರಗಳನ್ನು ನೇರ ನಿಲ್ಲಿಸುವ ಟೈರಾಡಿನ ಲಾಕ್‌ನಟ್ ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಉಂಟು. ಎರಡಕ್ಕೂ ಕಾಯಿಲೆ ಒಂದೇ.

ಚಿತ್ರದುರ್ಗ ಮಳೆ ಕಡಿಮೆಯ ಜಿಲ್ಲೆ. ಹಾಗಿದ್ದರೂ ಥ್ರೆಡ್ಡಿಗೆ ಮೆತ್ತಿದ ಧೂಳು ಕಾರು ತೊಳೆದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗವೆಲ್ಲಿ? ಬೆಣೆ ಬಡಿದಂತೆ ಬಿಗಿಯುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿಗೆ ಆಗಾಗ ಗ್ರೀಸ್ ಹೊಡೆಸಬೇಕಿತ್ತು. ಆ ನೆಪದಲ್ಲಾದರೂ ಅಡಿಭಾಗ ಮೆಕ್ಯಾನಿಕ್ಕಿನ ಕಣ್ಣಿಗೆ ಬೀಳುತ್ತಿತ್ತು. ಈಗಿನ ಕಾರುಗಳಲ್ಲಿ ಆ ನೆಪವೂ ಕಡಿಮೆ.

ಉದ್ದನೆಯ ಪೈಪು ಸಿಕ್ಕಿಸಿ ಎಳೆದರೆ ನಟ್ಟು ಬಿಚ್ಚುವ ಬದಲು ಥ್ರೆಡ್ಡೇ ಕಿತ್ತುಬರಬಹುದು. ಬಲ್ಲ ಮೆಕ್ಯಾನಿಕ್ ಮೊದಲು ವೈರ್ ಬ್ರಷ್ಷಿನಿಂದ ಥ್ರೆಡ್ ಉಜ್ಜುತ್ತಾನೆ. ಬಳೆ ಎಲ್ಲಿತ್ತೆಂದು ಗುರುತು ಹಾಕಿಕೊಳ್ಳುತ್ತಾನೆ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಎರಡು ಮೂರು ಸಲ ಬಿಟ್ಟು, ಒಂದು ರಾತ್ರಿ ಹಾಗೇ ಇಡುತ್ತಾನೆ. ಮರುದಿನ ಚಕ್ರವನ್ನು ಎತ್ತಿ ಸ್ಪ್ರಿಂಗಿನ ಭಾರ ಇಳಿಸಿ, ಸುತ್ತಲೂ ಮೆಲ್ಲಗೆ ತಟ್ಟುತ್ತಾನೆ. ಆ ಅದುರಿಗೆ ಸಂದಿ ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಲಾಕ್ ಬಳೆಯನ್ನು ಮೊದಲು ಸಡಿಲಿಸಿ, ಆಮೇಲೆ ಸ್ಪ್ರಿಂಗಿನ ಬಳೆಯನ್ನು ಚೂರು ಬಿಗಿ, ಚೂರು ಸಡಿಲ ಎಂದು ಹಿಂದೆ ಮುಂದೆ ಆಡಿಸುತ್ತಾನೆ.

ಬಿಸಿ ಮಾಡಿದರೆ ಉಕ್ಕು ಹಿಗ್ಗಿ ನಟ್ಟು ಸಡಿಲವಾಗುವುದೂ ನಿಜ. ಆದರೆ ಶಾಕ್ ಅಬ್ಸಾರ್ಬರಿನ ಹತ್ತಿರ ಬೆಂಕಿ ಒಯ್ಯಬಾರದು. ಅದರೊಳಗೆ ಎಣ್ಣೆಯಿದೆ, ಹಲವದರಲ್ಲಿ ಒತ್ತಡದ ಅನಿಲವೂ ಇದೆ, ಸಿಡಿದೀತು. ಬರೀ ಜಾಕ್ ನಂಬಿ ಕಾರಿನ ಅಡಿ ನುಸುಳುವುದೂ ಪ್ರಾಣಕ್ಕೆ ಎರವು. ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟೇ ಕೆಲಸ. ಒತ್ತಿ ಕೂತ ಸ್ಪ್ರಿಂಗಿನ ಮೇಲಿನ ನಟ್ಟನ್ನು ತಕ್ಕ ಸಾಧನವಿಲ್ಲದೆ ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ.

ಬಿಚ್ಚಿದ ಮೇಲೆ ಥ್ರೆಡ್ ಒರೆಸಿ, ಮತ್ತೆ ಹಿಡಿಯದಂತೆ ತಡೆಯುವ ಗ್ರೀಸ್ ಸವರಬೇಕು. ಎರಡೂ ಬದಿಯ ಎತ್ತರ ಅಳೆದು, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಇಲ್ಲವಾದರೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ವೇಗವಾಗಿ ಬರುವ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ.

ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಎರಡು ವರ್ಷ. ಮಗ ಅಥವಾ ಮಗಳು ಅದನ್ನು ಕಲಿಯುತ್ತೇನೆಂದರೆ ‘ಓದು ತಲೆಗೆ ಹತ್ತಲಿಲ್ಲ’ ಎಂದು ಕೊರಗುವ ತಂದೆತಾಯಿ ಇದ್ದಾರೆ. ಒಂದು ನಟ್ಟು ಬಿಚ್ಚಲು ರಸಾಯನಶಾಸ್ತ್ರ, ಭೌತಶಾಸ್ತ್ರ ಎರಡೂ ಬೇಕು. ಅವನ್ನು ತಿಳಿದು ಬಿಚ್ಚಿದವರ ಕೈಯಲ್ಲಿ ಕಾರೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.