ಕೊಟ್ಟಿಗೆಯಿಂದ ಅಡಿಗೆಮನೆವರೆಗೆ: ಯಾವ ಹುಳಕ್ಕೆ ಎಷ್ಟು ಹೆದರಬೇಕು?

ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದಾಗ ಕಾಲಿಗೆ ಉಂಬಳ ಹತ್ತಿದ್ದರೆ ಮನೆಯವರೆಲ್ಲ ಕೇಳುವಂತೆ ಕೂಗುತ್ತೇವೆ. ಅದೇ ಹಾಲು ಕರೆಯುವಾಗ ಹಸುವಿನ ಕೆಚ್ಚಲಿನ ಸಂದಿಯಲ್ಲಿ ಉಣುಗು ಸಿಕ್ಕಿದರೆ ಮಾತಾಡುತ್ತಲೇ ಕಿತ್ತು ಅಂಗಳಕ್ಕೆ ಎಸೆಯುತ್ತೇವೆ. ನಿಜವಾಗಿ ನೋಡಿದರೆ ನಮ್ಮ ಹೆದರಿಕೆಯ ಲೆಕ್ಕ ತಿರುವುಮುರುವಾಗಿದೆ. ಉಂಬಳ ಒಂದಿಷ್ಟು ರಕ್ತ ಕುಡಿದು ತಾನೇ ಕಳಚಿ ಬೀಳುತ್ತದೆ. ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಎರಡು ದಿನ ನವೆಯಿರುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯಿತು. ಉಣುಗಿನ ಕತೆ ಹಾಗಲ್ಲ. ಅದು ಹಸುವಿನ ಹಾಲನ್ನೂ ಇಳಿಸಬಲ್ಲದು, ಹಸುವನ್ನೂ ಮಲಗಿಸಬಲ್ಲದು. ಕಾಡಂಚಿನ ಊರುಗಳಲ್ಲಾದರೆ ನಿಮ್ಮ ಜೀವಕ್ಕೂ ಎರವಾಗಬಲ್ಲದು.

ಮಲೆನಾಡಿನ ಮನೆಯಲ್ಲಿ ಕೊಟ್ಟಿಗೆ, ಬಚ್ಚಲು, ಅಡಿಗೆಮನೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ದಿನಕ್ಕೆ ಹತ್ತು ಸಲ ಅಲ್ಲಿಂದ ಇಲ್ಲಿಗೆ ಓಡಾಡುವವರು ನೀವೇ. ಆದ್ದರಿಂದ ಮನೆಯಲ್ಲಿ ಹುಳಹುಪ್ಪಟೆಗಳ ಕಾಟ ಎಲ್ಲಿ ಹುಟ್ಟುತ್ತದೆ ಎಂಬುದು ಮೊದಲು ನಿಮಗೆ ಗೊತ್ತಿರಬೇಕು. ಕಣ್ಣಿಗೆ ಕಂಡ ಹುಳವನ್ನು ಕೊಲ್ಲುವುದರಿಂದ ಕೆಲಸ ಮುಗಿಯುವುದಿಲ್ಲ. ಅದು ಮರಿ ಮಾಡುವ ಜಾಗ ಕೆಡಿಸಿದರೆ ಮಾತ್ರ ಹತೋಟಿಗೆ ಬರುತ್ತದೆ.

ಕಿತ್ತೆಸೆದ ಉಣುಗು ಎಲ್ಲಿಗೆ ಹೋಗುತ್ತದೆ?

ಹಸುವಿನ ಮೈಮೇಲೆ ಹರಳು ಬೀಜದಂತೆ ಊದಿಕೊಂಡಿರುವುದು ಹೊಟ್ಟೆ ತುಂಬಿದ ಹೆಣ್ಣು ಉಣುಗು. ಅದು ತಾನಾಗಿಯೇ ಕೆಳಗೆ ಬಿದ್ದು ಗೋಡೆಯ ಬಿರುಕು, ಗೋದಲಿಯ ಸಂದಿ, ಕಲ್ಲಿನಡಿ, ಹುಲ್ಲಿನ ಬುಡ ಸೇರುತ್ತದೆ. ಅಲ್ಲಿ ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮರಿಗಳು ಹುಲ್ಲಿನ ತುದಿಗೆ ಹತ್ತಿ, ಮೈ ತಾಗಿಸಿಕೊಂಡು ಹೋಗುವ ರಾಸಿಗಾಗಿ ಕಾದು ಕೂರುತ್ತವೆ. ಹಾಗಾಗಿ ಊದಿದ ಉಣುಗನ್ನು ಕಿತ್ತು ಅಂಗಳಕ್ಕೆ ಎಸೆದರೆ, ಮೊಟ್ಟೆ ಇಡಲು ನಾವೇ ಜಾಗ ತೋರಿಸಿ ಕಳುಹಿಸಿದಂತೆ.

ಉಗುರಿನಲ್ಲಿ ಕುಕ್ಕುವುದು, ಕಲ್ಲಿನಲ್ಲಿ ಜಜ್ಜುವುದು ಕೂಡ ಬೇಡ. ಅದರ ಹೊಟ್ಟೆಯ ರಕ್ತದಲ್ಲಿ ರೋಗಾಣು ಇದ್ದರೆ ನಿಮ್ಮ ಬೆರಳಿನ ಸಣ್ಣ ಗಾಯವೇ ಅದಕ್ಕೆ ದಾರಿಯಾಗುತ್ತದೆ. ಕೈಗೆ ಕವಚ ಹಾಕಿಕೊಳ್ಳಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿ. ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಮುಚ್ಚಳವಿರುವ ಡಬ್ಬಿಗೆ ಹಾಕಿ, ಕೊನೆಗೆ ಎಲ್ಲವನ್ನೂ ಬಚ್ಚಲ ಒಲೆಯ ಬೆಂಕಿಗೆ ಸುರಿಯಿರಿ. ಆಮೇಲೆ ಸೋಪಿನಿಂದ ಕೈ ತೊಳೆದುಕೊಳ್ಳಿ.

ಉಣುಗಿನಿಂದ ರಾಸುಗಳಿಗೆ ಥೈಲೇರಿಯಾ, ಬೆಬೀಸಿಯಾ, ಅನಾಪ್ಲಾಸ್ಮಾ ಎಂಬ ರೋಗಗಳು ಬರುತ್ತವೆ. ಮಿಶ್ರತಳಿ ಹಸುಗಳಿಗೆ ಇವುಗಳ ಪೆಟ್ಟು ಹೆಚ್ಚು. ಹಸು ಮೇವು ಬಿಟ್ಟು ಜೋರು ಜ್ವರದಲ್ಲಿದ್ದರೆ, ಮುಂಗಾಲಿನ ಮೇಲ್ಭಾಗದ ಗಂಟು ಊದಿದ್ದರೆ, ಕಣ್ಣಿನ ಒಳಪೊರೆ ಬಿಳಿಚಿಕೊಂಡಿದ್ದರೆ ಅಥವಾ ಗಂಜಲ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನಾಳೆಗೆ ಮುಂದೂಡಬೇಡಿ. ಅದೇ ದಿನ ಸಂಘದ ಮೂಲಕ ಪಶುವೈದ್ಯರಿಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಬೇಗ ಸಿಕ್ಕಿದ ಚಿಕಿತ್ಸೆಯಿಂದ ಉಳಿಯುವ ಹಸು ತಡವಾದರೆ ಉಳಿಯುವುದು ಕಷ್ಟ.

ಔಷಧಿ ಹಾಕುವ ಮುನ್ನ

ಮೈಮೇಲೆ ಬಳಸುವ ಉಣುಗಿನ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಬೆರೆಸಿ. ಹಾಲು ಕರೆದಾದ ಮೇಲೆ ಹಚ್ಚಿ. ಮುಂದಿನ ಕರೆಯುವಿಕೆಗೆ ಮೊದಲು ಕೆಚ್ಚಲು ತೊಳೆಯಿರಿ. ಮೈ ಒಣಗುವವರೆಗೆ ಹಸು ತನ್ನ ಮೈಯನ್ನು ತಾನು ನೆಕ್ಕದಂತೆ, ಕರು ಅದರ ಮೈ ನೆಕ್ಕದಂತೆ ನೋಡಿಕೊಳ್ಳಿ. ಗೋದಲಿಯಲ್ಲಿ ಹುಲ್ಲು, ಬಾನಿಯಲ್ಲಿ ನೀರು ಇರುವಾಗ ಸಿಂಪಡಿಸಬೇಡಿ.

ಒಂದೇ ಸಲ ಹಚ್ಚಿ ಬಿಟ್ಟರೆ ಪ್ರಯೋಜನವಿಲ್ಲ. ಸಾಮಾನ್ಯ ಜಾನುವಾರು ಉಣುಗು ರಾಸಿನ ಮೈಮೇಲೆ ಸುಮಾರು ಮೂರು ವಾರ ಬೆಳೆಯುತ್ತದೆ. ಇವತ್ತು ಮೈಮೇಲಿನವು ಸತ್ತರೂ ಗೋಡೆಯ ಬಿರುಕಿನ ಮೊಟ್ಟೆಗಳು ಒಡೆದು ಹೊಸ ಮರಿಗಳು ಹತ್ತುತ್ತವೆ. ಎಷ್ಟು ದಿನ ಬಿಟ್ಟು ಮತ್ತೆ ಹಚ್ಚಬೇಕೆಂದು ಮೊದಲ ಸಲವೇ ವೈದ್ಯರಲ್ಲಿ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅದೇ ದಿನ ಕೊಟ್ಟಿಗೆಯ ಬಿರುಕುಗಳನ್ನು ಸಿಮೆಂಟಿನಿಂದಲೋ ಮಣ್ಣಿನಿಂದಲೋ ಮೆತ್ತಿ, ಗೋಡೆಗೆ ಸುಣ್ಣ ಬಳಿಯಿರಿ. ಇರುವ ರಾಸುಗಳಿಗೆಲ್ಲ ಒಟ್ಟಿಗೆ ಮಾಡಿ. ಒಂದನ್ನು ಬಿಟ್ಟರೆ ಅದರಿಂದಲೇ ಉಳಿದವಕ್ಕೆ ಮತ್ತೆ ಹತ್ತುತ್ತದೆ.

ಎರಡು ತಪ್ಪುಗಳನ್ನು ಮಾತ್ರ ಮಾಡಲೇಬೇಡಿ. ಗದ್ದೆಗೆ, ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ದನದ ಮೈಗೆ ಹಚ್ಚಬೇಡಿ. ಅದು ಚರ್ಮದಿಂದ ಒಳಗಿಳಿದು ಹಸು ಜೊಲ್ಲು ಸುರಿಸಿ, ನಡುಗಿ, ಬೀಳಬಹುದು. ಎರಡನೆಯದು, ಹಾಲು ಕೊಡುವ ಹಸುವಿಗೆ ವೈದ್ಯರನ್ನು ಕೇಳದೆ ಐವರ್‌ಮೆಕ್ಟಿನ್ ಚುಚ್ಚುಮದ್ದು ಹಾಕಿಸಬೇಡಿ. ಅದು ಹಾಲಿನಲ್ಲಿ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಸಂಘದ ಕ್ಯಾನಿಗೆ ಮಾತ್ರವಲ್ಲ, ನಿಮ್ಮ ಮಗುವಿನ ಲೋಟಕ್ಕೂ ಬೀಳುತ್ತದೆ.

ಕಾಡಿನ ದರಗು ಮತ್ತು ಮಂಗನ ಕಾಯಿಲೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರಿಗೂ ಜ್ವರ ಬಂದಾಗ ಮಂಗನ ಕಾಯಿಲೆ ಮೊದಲು ಗೊತ್ತಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಎಷ್ಟು ಮನೆಗಳನ್ನು ಕಂಗೆಡಿಸಿತು ಎಂಬುದು ನಮ್ಮಲ್ಲಿ ಹಲವರಿಗೆ ನೆನಪಿದೆ. ಹೆಸರು ಮಂಗನದಾದರೂ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಕಾಡಿನ ಉಣುಗು. ಕೊಟ್ಟಿಗೆಯ ಎಲ್ಲ ಉಣುಗುಗಳೂ ಈ ಕಾಯಿಲೆ ತರುವುದಿಲ್ಲ, ಇದನ್ನು ಹೆಚ್ಚಾಗಿ ತರುವ ಜಾತಿಯೇ ಬೇರೆ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಅದರ ಮರಿ. ಗಾತ್ರ ರಾಗಿ ಕಾಳಿನಷ್ಟು, ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಈ ಜಾತಿಯ ದೊಡ್ಡ ಉಣುಗುಗಳು ಕಾಡಿಗೆ ಮೇಯಲು ಹೋದ ದನಗಳ ರಕ್ತ ಕುಡಿದು ಬೆಳೆಯುತ್ತವೆ. ದನಕ್ಕೆ ಮಂಗನ ಕಾಯಿಲೆ ಬಂದು ಮಲಗುವುದಿಲ್ಲ, ಆದರೆ ಉಣುಗಿನ ಸಂಖ್ಯೆ ಹೆಚ್ಚಲು ಅದು ಆಸರೆಯಾಗುತ್ತದೆ. ಆದ್ದರಿಂದ ನಿಮ್ಮ ಹಸುವಿನ ಮೈಯಲ್ಲಿ ಉಣುಗು ಇಲ್ಲದಂತೆ ನೋಡಿಕೊಳ್ಳುವುದು ಊರಿಗೂ ಮಾಡುವ ಉಪಕಾರ.

ಕಾಯಿಲೆ ಕಾಣಿಸಿಕೊಳ್ಳುವುದು ಮಳೆ ನಿಂತ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ. ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ತರುವ ಕಾಲವೂ ಅದೇ. ದರಗು ಗುಡಿಸುವವರು, ಸೊಪ್ಪು ಸೌದೆ ಹೊರುವವರು ಹೆಚ್ಚಾಗಿ ಹೆಂಗಸರು. ಉಣುಗಿನ ಮರಿ ಕಾದು ಕೂರುವುದೂ ಆ ಒಣ ಎಲೆಯಲ್ಲೇ. ಆ ತಿಂಗಳುಗಳಲ್ಲಿ ಕಾಡಿನ ದರಗು ಬಿಟ್ಟು ಭತ್ತದ ಹೊಟ್ಟು, ಅಡಿಕೆ ಸಿಪ್ಪೆ ಅಥವಾ ಮನೆಯ ಹತ್ತಿರದ ಸ್ವಂತ ತೋಟದ ಸೋಗೆ ಬಳಸಿ. ಮಳೆಗಾಲ ಮುಗಿಯುವ ಮೊದಲೇ ಇವನ್ನು ಕೂಡಿಡುವ ಏರ್ಪಾಡು ಮಾಡಿಕೊಂಡರೆ ಕಾಡಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತುಂಬು ತೋಳಿನ ಅಂಗಿ ಹಾಕಿ, ಕಾಲು ಮುಚ್ಚಿಕೊಳ್ಳಿ. ಒಣ ಎಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಪಂಚಾಯತಿಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ.

ನೊಣಕ್ಕೂ ಸೊಳ್ಳೆಗೂ ವಾರದ ಲೆಕ್ಕ

ಬೆಚ್ಚಗಿನ ಹವೆಯಲ್ಲಿ ನೊಣದ ಮೊಟ್ಟೆ ಸಗಣಿಯಲ್ಲಿ ಹುಳವಾಗಿ, ಕೋಶವಾಗಿ, ಹಾರುವ ನೊಣವಾಗಲು ಒಂದು ವಾರದಿಂದ ಹತ್ತು ದಿನ ಸಾಕು. ನಿಂತ ನೀರಿನಲ್ಲಿ ಸೊಳ್ಳೆಗೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ವಾರಕ್ಕೊಮ್ಮೆ ಅವುಗಳ ಮನೆ ಕೆಡಿಸಿದರೆ ರೆಕ್ಕೆ ಬರುವ ಮೊದಲೇ ಎರಡೂ ಮುಗಿಯುತ್ತವೆ.

ಸಗಣಿಯನ್ನು ದಿನವೂ ಗುಂಡಿಗೆ ಸಾಗಿಸಿ. ಗುಂಡಿ ಕೊಟ್ಟಿಗೆಯಿಂದಲೂ ಬಾವಿಯಿಂದಲೂ ದೂರವಿರಲಿ. ಮೇಲೆ ಟಾರ್ಪಾಲು ಮುಚ್ಚಿದರೆ ಒಳಗಿನ ಕಾವಿಗೇ ಹುಳ ಸಾಯುತ್ತದೆ, ಗೊಬ್ಬರವೂ ಚೆನ್ನಾಗಿ ಕಳಿಯುತ್ತದೆ. ವಾರಕ್ಕೊಂದು ದಿನ ಗೋದಲಿಯ ಮೂಲೆಯ ಕೊಳೆತ ಮೇವು, ಗಂಜಲದ ಚರಂಡಿ, ಕರು ಕಟ್ಟುವ ಜಾಗ ಕೆರೆದು ತೊಳೆಯಿರಿ. ಅದೇ ದಿನ ಅಂಗಳದ ಸುತ್ತ ಒಂದು ಸುತ್ತು ಹಾಕಿ, ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರಿನ ಚಿಪ್ಪು, ಹಳೆ ಟಯರು ಎಲ್ಲವನ್ನೂ ಕವುಚಿ ಹಾಕಿ. ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಇಂಥ ಒಂದು ಲೋಟ ನೀರಿನಲ್ಲೇ.

ನೊಣ ಒಂದು ಕೆಚ್ಚಲಿನ ರೋಗಾಣುವನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ಹಾಲು ಕರೆಯುವಾಗ ಹಸು ಕಾಲು ಝಾಡಿಸುತ್ತಿದ್ದರೆ ಅದಕ್ಕೆ ಬೈಯುವ ಮೊದಲು ಕಚ್ಚುವ ನೊಣವಿದೆಯೇ ನೋಡಿ. ಹುಟ್ಟಿದ ಕರುವಿನ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚುವುದನ್ನು ಮರೆಯಬೇಡಿ. ಅಲ್ಲಿ ನೊಣ ಕೂತರೆ ಹುಳ ಬೀಳುತ್ತದೆ.

ಹಿಂಡಿ ಚೀಲದ ಹಿಂದೆ ಇಲಿ

ಇಲಿ ತಿನ್ನುವ ಹಿಂಡಿಗಿಂತ ಅದು ಉಚ್ಚೆ ಹೊಯ್ದು ಕೆಡಿಸುವುದೇ ದೊಡ್ಡ ನಷ್ಟ. ಇಲಿ ಜ್ವರದ ರೋಗಾಣು ಅದರ ಮೂತ್ರದಲ್ಲಿರುತ್ತದೆ. ಒದ್ದೆ ಕೊಟ್ಟಿಗೆಯಲ್ಲಿ, ಗದ್ದೆಯಲ್ಲಿ ಬರಿಗಾಲಿನಲ್ಲಿ ಓಡಾಡುವಾಗ ಕಾಲಿನ ಒಡಕು, ಗಾಯಗಳಿಂದ ಒಳಸೇರುತ್ತದೆ. ರಾಸುಗಳಿಗೂ ತಗುಲಿ ಗರ್ಭ ಕಳಚಬಹುದು. ಪಶು ಆಹಾರದ ಚೀಲಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬಿಚ್ಚಿದ ಚೀಲವನ್ನು ಮುಚ್ಚಳದ ಡ್ರಮ್ಮಿಗೆ ಸುರಿದಿಡಿ. ಇಲಿ ಪಾಷಾಣವನ್ನು ಕೊಟ್ಟಿಗೆಯಲ್ಲಿ, ಹುಲ್ಲಿನ ಅಟ್ಟದಲ್ಲಿ ಇಡಬೇಡಿ. ಬೋನು ಸಾಕು. ಕೊಟ್ಟಿಗೆ ಕೆಲಸಕ್ಕೆ ಗಮ್‌ಬೂಟು ಹಾಕಿಕೊಳ್ಳಿ.

ಜ್ವರ ಬಂದರೆ ಹೇಳಬೇಕಾದ ಮಾತು

ಹಸುವಿಗೆ ಜ್ವರ ಬಂದರೆ ನಡುರಾತ್ರಿಯಲ್ಲೂ ಫೋನು ಮಾಡುವ ನಾವು, ನಮಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿ ಬೆಳಗಿನ ಹಾಲು ಕರೆಯಲು ಕೂರುತ್ತೇವೆ. ಮಂಗನ ಕಾಯಿಲೆಯೂ ಇಲಿ ಜ್ವರವೂ ಮೊದಲಿಗೆ ಸಾಮಾನ್ಯ ಜ್ವರದಂತೆಯೇ ಕಾಣುತ್ತವೆ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ಮತ್ತು ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂಗು, ವಸಡಿನಲ್ಲಿ ರಕ್ತ ಕಂಡರೆ, ಕಣ್ಣು ಹಳದಿಯಾದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಇಂಥ ಜ್ವರದಲ್ಲಿ ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ.

ವೈದ್ಯರು ಕೇಳದಿದ್ದರೂ ನೀವೇ ಹೇಳಿ: "ನಾನು ದನ ಸಾಕುವವಳು, ಇಷ್ಟು ದಿನದ ಹಿಂದೆ ಕಾಡಿಗೆ ದರಗಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು, ಕೊಟ್ಟಿಗೆಯಲ್ಲಿ ಇಲಿ ಇದೆ." ಯಾವ ರಕ್ತ ಪರೀಕ್ಷೆ ಮಾಡಿಸಬೇಕೆಂದು ಈ ಮಾತಿನಿಂದಲೇ ಅವರಿಗೆ ತಿಳಿಯುತ್ತದೆ. ಅವತ್ತು ಹಾಲು ಕರೆಯಲು ಮನೆಯವರಿಗೋ ಪಕ್ಕದ ಮನೆಯವರಿಗೋ ಹೇಳಿ ಹೋಗಿ. ಒಂದು ಹೊತ್ತಿನ ಹಾಲು ಕಡಿಮೆಯಾದರೂ ಚಿಂತೆಯಿಲ್ಲ, ನೀವು ಗಟ್ಟಿಯಾಗಿದ್ದರೆ ಕೊಟ್ಟಿಗೆಯೂ ನಡೆಯುತ್ತದೆ, ಮನೆಯೂ ನಡೆಯುತ್ತದೆ.